ಮೂತ್ರದಲ್ಲಿ ರಕ್ತ ಕಂಡಾಗ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಕೂಟಕ್ಕೆ ನಾವು ಆರಿಸಿಕೊಂಡ ವಿಷಯ ನಾಲ್ಕು ಜನರೆದುರು ಆಡಲು ನಾಚಿಕೆಪಡುವಂಥದು. ಪಗಾರ, ಬೋನಸ್ಸು, ರಜೆ ಇವುಗಳ ಮಾತು ಬಂದರೆ ನಮ್ಮ ಗಂಟಲು ತಾನಾಗಿ ತೆರೆಯುತ್ತದೆ. ಮೂತ್ರದ ಮಾತು ಬಂದರೆ ತಲೆ ತಗ್ಗುತ್ತದೆ. ಈ ನಾಚಿಕೆಯಿಂದ ನಮ್ಮವರೊಬ್ಬರು ಎಂಟು ತಿಂಗಳು ಕಳೆದುಕೊಂಡರು. ಆ ಎಂಟು ತಿಂಗಳ ಲೆಕ್ಕವನ್ನು ನಿಮ್ಮ ಮುಂದಿಡಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. "ಹೆಸರು ಹೇಳಬೇಡಿ, ಉಳಿದದ್ದು ಒಂದನ್ನೂ ಬಿಡಬೇಡಿ" ಎಂದಿದ್ದಾರೆ. ಆದುದರಿಂದ ಅವರನ್ನು ಭಟ್ಟರೆಂದೇ ಕರೆಯುತ್ತೇವೆ. ಒಲೆಯ ಮುಂದೆ ನಿಂತವರೆಲ್ಲ ಹೋಟೆಲಿನಲ್ಲಿ ಭಟ್ಟರೇ ಅಷ್ಟೆ.

ಭಟ್ಟರು ಕುಂದಾಪುರದ ಕಡೆಯವರು. ಚಿಕ್ಕಂದಿನಲ್ಲಿ ಮುಂಬಯಿಗೆ ಬಂದು ಕೋಟೆ ವಿಭಾಗದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು. ರಾತ್ರಿಶಾಲೆಯಲ್ಲಿ ನಮ್ಮ ಕೆಲವರ ಸಹಪಾಠಿ. ಆಮೇಲೆ ವಿಜಯವಾಡದಲ್ಲಿ ಹತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತರು. ಅಲ್ಲಿಂದ ವಿಶಾಖಪಟ್ಟಣಕ್ಕೆ ಹೋಗಿ, ಸಿಂಹಾಚಲದ ಬೆಟ್ಟದ ಬುಡದಲ್ಲಿ, ಅಡವಿವರಂ ಎಂಬಲ್ಲಿ, ಯಾತ್ರಿಕರಿಗೆ ಇಡ್ಲಿ ಸಾಂಬಾರು ಬಡಿಸುವ ಒಂದು ಸಣ್ಣ ಹೋಟೆಲಿನ ಅಡುಗೆಗೆ ನಿಂತರು.

ಸಿಂಹಾಚಲ ನಮಗೆ ಹೊರಗಿನ ಊರಲ್ಲ. ಮಧ್ವಾಚಾರ್ಯರ ಶಿಷ್ಯರಾದ ನರಹರಿ ತೀರ್ಥರ ಹೆಸರು ಆ ಗುಡಿಯ ಶಾಸನಗಳಲ್ಲಿದೆ. ವಿಜಯನಗರದ ಕೃಷ್ಣದೇವರಾಯನು 1516ರಲ್ಲಿ ಕಳಿಂಗದ ದಂಡಯಾತ್ರೆಯ ಕಾಲಕ್ಕೆ ಅಲ್ಲಿಗೆ ಬಂದು ದೇವರಿಗೆ ಕಾಣಿಕೆ ಅರ್ಪಿಸಿದನು. ಗುರುಗಳು, ಅರಸರು ಹೋದ ದಾರಿಯಲ್ಲಿ ಎಷ್ಟೋ ಕಾಲದ ಮೇಲೆ ನಮ್ಮವರ ಇಡ್ಲಿ ಪಾತ್ರೆಯೂ ಹೋಯಿತು.

ಒಂದು ವರ್ಷ ಚೌತಿಯ ಮರುವಾರ, ಬೆಳಗಿನ ಜಾವ ನಾಲ್ಕು ಗಂಟೆಗೆ, ಭಟ್ಟಿ ಹೊತ್ತಿಸುವ ಮೊದಲು ಭಟ್ಟರು ಮೂತ್ರಕ್ಕೆ ಹೋದರು. ಮೂತ್ರ ಪುನರ್ಪುಳಿ ಸಾರಿನ ಬಣ್ಣದಲ್ಲಿ ಬಂತು. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಮಧ್ಯಾಹ್ನಕ್ಕೆ ತಿಳಿಯಾಯಿತು. ದಿನಕ್ಕೆ ಹದಿನಾಲ್ಕು ಗಂಟೆ ಬೆಂಕಿಯ ಮುಂದೆ ನಿಂತವನಿಗೆ ಉಷ್ಣವಾಗದೆ ಇನ್ನೇನಾದೀತು ಎಂದು ಅವರೇ ತೀರ್ಮಾನಿಸಿಕೊಂಡರು. ಎಳನೀರು ಕುಡಿದರು, ಕೊತ್ತಂಬರಿ ಕಷಾಯ ಕುಡಿದರು. ನಾಲ್ಕು ತಿಂಗಳು ಏನೂ ಕಾಣಲಿಲ್ಲ. ಕಷಾಯ ಗೆದ್ದಿತು ಎಂದುಕೊಂಡರು.

ಸಂಕ್ರಾಂತಿಯ ಹೊತ್ತಿಗೆ ಮತ್ತೆ ಕೆಂಪು ಕಂಡಿತು. ಈ ಸಲ ಮೂತ್ರದಲ್ಲಿ ಲೋಳೆಯಂಥ ಎಳೆಗಳೂ ಇದ್ದವು. ಹತ್ತಿರದ ಒಂದು ದವಾಖಾನೆಯಲ್ಲಿ ಸೋಂಕೆಂದು ಐದು ದಿನಕ್ಕೆ ಗುಳಿಗೆ ಕೊಟ್ಟರು. ರಕ್ತ ನಿಂತಿತು. ತಿಂಗಳ ಮೇಲೆ ಬಂದಾಗ ಮತ್ತೆ ಗುಳಿಗೆ, ಮತ್ತೆ ನಿಂತಿತು. ಮೂತ್ರವನ್ನು ಪರೀಕ್ಷೆಗೆ ಕಳಿಸಲಿಲ್ಲ. ಭಟ್ಟರೂ ಕೇಳಲಿಲ್ಲ. ಊರಿನಲ್ಲಿದ್ದ ಮನೆಯವರಿಗೆ ಫೋನಿನಲ್ಲಿ ಒಂದು ಮಾತನ್ನೂ ಹೇಳಲಿಲ್ಲ.

ಮೂರನೆಯ ಸಲ ಕಂಡದ್ದು ಅಕ್ಷಯ ತದಿಗೆಯ ದಿನ. ಸಿಂಹಾಚಲದ ವರಾಹ ನರಸಿಂಹನಿಗೆ ವರ್ಷವೆಲ್ಲ ಮೈತುಂಬ ಗಂಧದ ಲೇಪ. ದೇವರ ನಿಜವಾದ ಆಕಾರ ಕಣ್ಣಿಗೆ ಬೀಳುವುದಿಲ್ಲ. ವೈಶಾಖದ ಆ ಒಂದು ದಿನ ಮಾತ್ರ ಗಂಧ ತೆಗೆದು ನಿಜರೂಪ ದರ್ಶನ ಕೊಡಿಸುತ್ತಾರೆ. ಲಕ್ಷಗಟ್ಟಲೆ ಜನ ಬರುವುದರಿಂದ ಹೋಟೆಲಿನವರಿಗೆ ಹಿಂದಿನ ರಾತ್ರಿಯಿಂದ ನಿದ್ದೆಯಿಲ್ಲ. ಅಂದು ಬೆಳಗ್ಗೆ ಭಟ್ಟರಿಗೆ ಮೂತ್ರದ ಜೊತೆ ರಕ್ತದ ಗಡ್ಡೆ ಬಂದು ದಾರಿ ಕಟ್ಟಿತು. ಹೊಟ್ಟೆ ಹಿಡಿದುಕೊಂಡು ಮೋರಿಯ ಬಳಿ ಕುಳಿತುಬಿಟ್ಟರು. ಗಲ್ಲಾದ ಮೇಲೆ ಕೂರುವ ಹುಡುಗ ಓಡಿ ಬಂದು, "ಭಟ್ರೇ, ಇದು ಎಷ್ಟು ದಿನದಿಂದ?" ಎಂದು ಕೇಳಿದ. ಎಂಟು ತಿಂಗಳಿಂದ ಎಂದು ಅವರು ಮೊದಲ ಬಾರಿಗೆ ಬಾಯಿಬಿಟ್ಟರು. ಆ ಹುಡುಗ ಗಿರಾಕಿಗಳನ್ನು ಬಿಟ್ಟು ರಿಕ್ಷಾ ಕರೆದು ಅವರನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಸೇರಿಸಿದ. ಸುದ್ದಿ ಮುಂಬಯಿಗೆ ಬಂದ ಮೇಲೆ ಸಂಘದಿಂದ ನಾವಿಬ್ಬರು ಹೋಗಿ ಆರೈಕೆಗೆ ನಿಂತೆವು. ಅಲ್ಲಿ ಕಂಡದ್ದನ್ನೂ ಡಾಕ್ಟರರಿಂದ ಕೇಳಿ ತಿಳಿದದ್ದನ್ನೂ ಈಗ ಹೇಳುತ್ತೇವೆ.

ಮೂತ್ರಪಿಂಡಗಳಲ್ಲಿ ಸೋಸಿ ಬಂದ ನೀರು ಕೂಡಿಕೊಳ್ಳುವ ಚೀಲವೇ ಮೂತ್ರಕೋಶ. ಅದು ಹೊಕ್ಕುಳಿನ ಕೆಳಗೆ, ಕಿಬ್ಬೊಟ್ಟೆಯಲ್ಲಿದೆ. ಅದರ ಒಳಗಡೆ ತೆಳ್ಳಗಿನ ಒಂದು ಪೊರೆ, ಹೊರಗಡೆ ಸ್ನಾಯುವಿನ ಗೋಡೆ. ಮೂತ್ರಕೋಶದ ಕ್ಯಾನ್ಸರುಗಳಲ್ಲಿ ನೂರಕ್ಕೆ ತೊಂಬತ್ತು ಈ ಒಳಪೊರೆಯಿಂದಲೇ ಹುಟ್ಟುತ್ತವೆ. ಗಂತಿ ಬೆಳೆದಂತೆ ಅದರ ಮೇಲಿನ ಎಳೆಯ ರಕ್ತನಾಳ ಆಗೊಮ್ಮೆ ಈಗೊಮ್ಮೆ ಒಡೆಯುತ್ತದೆ, ರಕ್ತ ಬರುತ್ತದೆ, ತಾನಾಗಿ ನಿಲ್ಲುತ್ತದೆ. ರಕ್ತ ನಿಂತರೂ ಗಂತಿ ಇದ್ದಲ್ಲೇ ಇರುತ್ತದೆ. ಕಷಾಯಕ್ಕೂ ಗುಳಿಗೆಗೂ ಭಟ್ಟರು ಕೊಟ್ಟ ಕೀರ್ತಿ ಅವಕ್ಕೆ ಸಲ್ಲತಕ್ಕದ್ದಲ್ಲ. ಅವರು ಏನೂ ಕುಡಿಯದೆ ಇದ್ದಿದ್ದರೂ ರಕ್ತ ನಿಲ್ಲುತ್ತಿತ್ತು.

ಇದನ್ನು ಕೇಳಿ ಯಾರೂ ಹೆದರಬೇಕಾಗಿಲ್ಲ. ಮೂತ್ರ ಕೆಂಪಾದಾಗಲೆಲ್ಲ ಕ್ಯಾನ್ಸರೇ ಎಂದಲ್ಲ. ಕಲ್ಲಿನಿಂದ ರಕ್ತ ಬರುತ್ತದೆ, ಸೋಂಕಿನಿಂದ ಬರುತ್ತದೆ, ಮೂತ್ರಪಿಂಡದ ಬೇರೆ ಕಾಯಿಲೆಗಳಿಂದಲೂ ಬರುತ್ತದೆ. ಬೀಟ್‌ರೂಟ್ ತಿಂದರೆ ರಕ್ತವಿಲ್ಲದೆಯೂ ಮೂತ್ರ ಕೆಂಪಾಗುವುದುಂಟು. ಆದರೆ ಯಾವುದರಿಂದ ಬಂತು ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ನಮ್ಮವರು ನೋವಿದ್ದರೆ ಓಡುತ್ತಾರೆ, ನೋವಿಲ್ಲದಿದ್ದರೆ ಕೂರುತ್ತಾರೆ. ಈ ಕಾಯಿಲೆಯಲ್ಲಿ ಅದೇ ಮೋಸ. ನೋವಿಲ್ಲದೆ ಬರುವ ರಕ್ತವನ್ನೇ ಡಾಕ್ಟರರು ಹೆಚ್ಚು ಅನುಮಾನದಿಂದ ನೋಡುತ್ತಾರೆ. ಅದರಲ್ಲೂ ನಲವತ್ತು ದಾಟಿದವರಲ್ಲಿ.

ಇನ್ನು ಪರೀಕ್ಷೆಯ ಕ್ರಮ. ಮೊದಲು ಮೂತ್ರದ ಪರೀಕ್ಷೆ: ಬಂದದ್ದು ರಕ್ತವೇ, ಸೋಂಕಿದೆಯೇ ಎಂದು ತಿಳಿಯುತ್ತದೆ. ಆಮೇಲೆ ಹೊಟ್ಟೆಯ ಸೋನೋಗ್ರಫಿ. ಇದರಲ್ಲಿ ದೊಡ್ಡ ಗಂತಿ ಕಾಣುತ್ತದೆ, ಚಿಕ್ಕದು ತಪ್ಪಿಹೋಗಬಹುದು. ಆದುದರಿಂದ ಮೂರನೆಯ ಪರೀಕ್ಷೆಯನ್ನು ತಪ್ಪಿಸಕೂಡದು. ಅದೇ ದುರ್ಬೀನು. ಮೂತ್ರ ಬರುವ ದಾರಿಯಿಂದಲೇ ದೀಪವಿರುವ ಸಣ್ಣ ಕೊಳವೆಯನ್ನು ಒಳಗೆ ಬಿಟ್ಟು ಮೂತ್ರಕೋಶದ ಗೋಡೆಯನ್ನು ಕಣ್ಣಾರೆ ನೋಡುತ್ತಾರೆ. ಜರ್ಮನಿಯ ಮ್ಯಾಕ್ಸ್ ನಿಟ್ಸೆ ಎಂಬ ವೈದ್ಯರು 1870ರ ದಶಕದ ಕೊನೆಯಲ್ಲಿ ಇಂಥ ಉಪಕರಣವನ್ನು ಮೊದಲು ಬಳಕೆಗೆ ತಂದರು. ಹೆಸರು ಕೇಳಿದರೇ ನಮ್ಮ ಗಂಡಸರು ಬೆವರುತ್ತಾರೆ. ಭಟ್ಟರೂ ಒಂದು ದಿನ ಮುಂದೂಡಿದರು. ಮರಗಟ್ಟಿಸುವ ಮದ್ದು ಹಾಕಿ ಕೆಲವೇ ನಿಮಿಷಗಳಲ್ಲಿ ಮುಗಿಸಿದ ಮೇಲೆ, "ಮಾರಾಯ್ರೆ, ಇದಕ್ಕಿಂತ ಎಣ್ಣೆ ಸಿಡಿದದ್ದೇ ಹೆಚ್ಚು ಉರಿ" ಎಂದು ನಮ್ಮೆದುರು ನಕ್ಕರು.

ಭಟ್ಟರ ಮೂತ್ರಕೋಶದ ನೆತ್ತಿಯಲ್ಲಿ, ಅಂದರೆ ಹೊಕ್ಕುಳಿನ ಕಡೆಗಿರುವ ಮೇಲ್ಭಾಗದಲ್ಲಿ, ಒಂದು ಗಂತಿ ಇತ್ತು. ಅದರಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇದನ್ನೇ ಬಯಾಪ್ಸಿ ಎನ್ನುತ್ತಾರೆ. ಚೂರನ್ನು ಮೇಣದಲ್ಲಿ ಅಚ್ಚು ಹಾಕಿ, ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲವು ದಿನ ಕಾಯಬೇಕು. ಚೂರು ತೆಗೆದರೆ ಕ್ಯಾನ್ಸರು ಹರಡುತ್ತದೆ ಎಂದು ನಮ್ಮಲ್ಲಿ ಒಂದು ಗುಲ್ಲಿದೆ. ಆ ಗುಲ್ಲಿಗೆ ಹೆದರಿ ಪರೀಕ್ಷೆಯನ್ನೇ ಬಿಟ್ಟರೆ ಕಾಯಿಲೆಯ ಹೆಸರು ತಿಳಿಯುವುದಿಲ್ಲ, ಹೆಸರು ತಿಳಿಯದೆ ತಕ್ಕ ಚಿಕಿತ್ಸೆ ಆಗುವುದಿಲ್ಲ. ಭಟ್ಟರು ತಮ್ಮ ಊರಿನ ರೀತಿಯಲ್ಲಿ ಇದನ್ನು ಅರ್ಥಮಾಡಿಕೊಂಡರು. "ಗಂಧ ತೆಗೆಯದೆ ಸ್ವಾಮಿಯ ನಿಜರೂಪ ಕಾಣುವುದಿಲ್ಲ. ಇದೂ ಹಾಗೆಯೇ" ಎಂದರು.

ವರದಿ ಬಂದಾಗ ಡಾಕ್ಟರರೇ ಎರಡು ಸಲ ಓದಿದರು. ಅದು ಸಾಮಾನ್ಯವಾಗಿ ಕಾಣುವ ಒಳಪೊರೆಯ ಕ್ಯಾನ್ಸರು ಅಲ್ಲ. ಲೋಳೆ ಸುರಿಸುವ ಗ್ರಂಥಿಗಳ ಮಾದರಿಯದು. ವೈದ್ಯರ ಭಾಷೆಯಲ್ಲಿ ಅಡಿನೋಕಾರ್ಸಿನೋಮ. ಅದರಲ್ಲೂ ಯುರೇಕಸ್ ಎಂಬ ಎಳೆಯಿಂದ ಹುಟ್ಟಿದ್ದು. ಮೂತ್ರಕೋಶದ ಕ್ಯಾನ್ಸರು ಬಂದ ನೂರು ಜನರಲ್ಲಿ ಒಬ್ಬರಿಗೂ ಇದು ಇರುವುದಿಲ್ಲ, ಅಷ್ಟು ಅಪರೂಪ.

ಯುರೇಕಸ್ ಎಂದರೇನು? ಮಗು ತಾಯಿಯ ಗರ್ಭದಲ್ಲಿರುವಾಗ ಅದರ ಮೂತ್ರಕೋಶದ ನೆತ್ತಿಯಿಂದ ಹೊಕ್ಕುಳಿಗೆ ಒಂದು ನಾಳವಿರುತ್ತದೆ. ಹುಟ್ಟುವ ಹೊತ್ತಿಗೆ ಅದು ಮುಚ್ಚಿ ಬರಿಯ ಹುರಿಯಾಗಿ ಉಳಿಯುತ್ತದೆ. ನಮ್ಮೆಲ್ಲರ ಹೊಟ್ಟೆಯಲ್ಲೂ ಆ ಹುರಿ ಇದೆ, ಅದರಿಂದ ತೊಂದರೆಯಿಲ್ಲ. ಎಲ್ಲೋ ಕೆಲವರಲ್ಲಿ ಹಳೆಯ ನಾಳದ ಜೀವಕೋಶಗಳು ಉಳಿದು, ಎಷ್ಟೋ ವರ್ಷದ ಮೇಲೆ ಕೆಟ್ಟು ಬೆಳೆಯುತ್ತವೆ. ಸಂಕ್ರಾಂತಿಯಲ್ಲಿ ಕಂಡ ಲೋಳೆ ಇದರದೇ ಗುರುತು. ಅಂದು ಯಾರಾದರೂ ಆ ಲೋಳೆಯ ಬಗೆಗೆ ವಿಚಾರಿಸಿದ್ದರೆ ನಾಲ್ಕು ತಿಂಗಳಾದರೂ ಉಳಿಯುತ್ತಿತ್ತು.

ಕರುಳಿನ ಕ್ಯಾನ್ಸರು ಮೂತ್ರಕೋಶಕ್ಕೆ ಹಬ್ಬಿದರೂ ಸೂಕ್ಷ್ಮದರ್ಶಕದಲ್ಲಿ ಹೀಗೆಯೇ ಕಾಣಬಹುದು. ಆದುದರಿಂದ ಕರುಳನ್ನೂ ದುರ್ಬೀನಿನಿಂದ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಎದೆ ಮತ್ತು ಹೊಟ್ಟೆಯ ಸಿ.ಟಿ. ಸ್ಕ್ಯಾನ್ ತೆಗೆದರು. ಗಾಜಿನ ಪಟ್ಟಿಗಳನ್ನು ಇನ್ನೊಬ್ಬ ತಜ್ಞರಿಗೂ ತೋರಿಸಿದರು. ಅಪರೂಪದ ಕಾಯಿಲೆಯಲ್ಲಿ ಎರಡನೆಯ ಕಣ್ಣು ನೋಡುವುದು ಒಳ್ಳೆಯದು. ಇದು ಮೊದಲ ಡಾಕ್ಟರರಿಗೆ ಮಾಡುವ ಅವಮಾನವಲ್ಲ. ನೀವು ಆಸ್ಪತ್ರೆ ಬದಲಿಸುವಾಗ ವರದಿಯ ಕಾಗದದ ಜೊತೆ ಗಾಜಿನ ಪಟ್ಟಿ, ಮೇಣದ ಅಚ್ಚು ಇವನ್ನೂ ಕೇಳಿ ಪಡೆದುಕೊಳ್ಳಿ. ಇವು ಕೈಯಲ್ಲಿದ್ದರೆ ಮತ್ತೆ ಚೂರು ತೆಗೆಸಿಕೊಳ್ಳುವ ಕಷ್ಟ ಎಷ್ಟೋ ಸಲ ತಪ್ಪುತ್ತದೆ.

ಹೆಸರಿಗಾಗಿ ಇಷ್ಟು ಹೊತ್ತು ಏಕೆ ಎಂದು ಆಗ ನಮಗೂ ಬೇಸರವಾಗಿತ್ತು. ಚಿಕಿತ್ಸೆಯ ವಿವರ ಕೇಳಿದ ಮೇಲೆ ಕಾರಣ ತಿಳಿಯಿತು.

ಸಾಮಾನ್ಯ ಜಾತಿಯ ಕ್ಯಾನ್ಸರು ಒಳಪೊರೆಯಲ್ಲೇ ಇದ್ದರೆ ಹೊಟ್ಟೆ ಕೊಯ್ಯುವ ಅಗತ್ಯವಿಲ್ಲ. ಮೂತ್ರದ ದಾರಿಯಿಂದಲೇ ಉಪಕರಣ ಬಿಟ್ಟು ಗಂತಿಯನ್ನು ಕೆರೆದು ತೆಗೆಯುತ್ತಾರೆ. ಮತ್ತೆ ಮತ್ತೆ ಬರುವ ಸ್ವಭಾವ ಅದಕ್ಕಿರುವುದರಿಂದ, ಅಪಾಯ ಹೆಚ್ಚೆಂದು ಕಂಡವರಿಗೆ ಮೂತ್ರಕೋಶದೊಳಗೆ ಬಿ.ಸಿ.ಜಿ. ಔಷಧ ತುಂಬುತ್ತಾರೆ. ಹೌದು, ಕ್ಷಯ ಬರದಿರಲೆಂದು ಕೂಸುಗಳ ತೋಳಿಗೆ ಚುಚ್ಚುವ ಅದೇ ಬಿ.ಸಿ.ಜಿ. ಕೆನಡಾದ ಮೊರಾಲೆಸ್ ಎಂಬ ವೈದ್ಯರು 1976ರಲ್ಲಿ ಇದರ ಫಲವನ್ನು ಪ್ರಕಟಿಸಿದರು. ಗಂತಿ ಸ್ನಾಯುವಿನೊಳಗೆ ಇಳಿದಿದ್ದರೆ ಕೆರೆಯುವುದು ಸಾಲದು. ಕೀಮೋ ಔಷಧ ಕೊಟ್ಟು ಇಡೀ ಮೂತ್ರಕೋಶವನ್ನೇ ತೆಗೆಯಬೇಕಾಗುತ್ತದೆ. ಕೆಲವರಿಗೆ ಕೀಮೋ ಜೊತೆ ವಿಕಿರಣ ಚಿಕಿತ್ಸೆ. ಅದನ್ನೇ ನಮ್ಮವರು ಕರೆಂಟು ಕೊಡುವುದು ಎನ್ನುತ್ತಾರೆ.

ಭಟ್ಟರ ಕಾಯಿಲೆಗೆ ಕೆರೆಯುವುದೂ ಬಿ.ಸಿ.ಜಿ.ಯೂ ಸಾಲದು. ಅದು ಹುಟ್ಟುವುದೇ ಗೋಡೆಯಲ್ಲಿ ಮತ್ತು ಹೊರಗಿನ ಹುರಿಯಲ್ಲಿ. ಒಳಗಿನಿಂದ ಕೆರೆದರೆ ಬೇರು ಉಳಿದುಬಿಡುತ್ತದೆ. ಆದುದರಿಂದ ಮೂತ್ರಕೋಶದ ನೆತ್ತಿ, ಅಲ್ಲಿಂದ ಹೊರಟ ಹುರಿ, ಹೊಕ್ಕುಳು ಈ ಮೂರನ್ನೂ ನಡುವೆ ಎಲ್ಲೂ ಕಡಿಯದೆ ಒಂದೇ ತುಂಡಾಗಿ ತೆಗೆದರು. ಹತ್ತಿರದ ದುಗ್ಧಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಮೂತ್ರಕೋಶದ ಬಹುಭಾಗ ಉಳಿಯಿತು. ಸಾಮಾನ್ಯ ಜಾತಿಯೆಂದು ತಿಳಿದು ಬರಿದೆ ಕೆರೆದು ಕಳಿಸಿದ್ದರೆ ರೋಗ ಒಳಗೇ ಉಳಿಯುತ್ತಿತ್ತು. ಹೆಸರು ಸರಿಯಾಗಿ ತಿಳಿದದ್ದರಿಂದ ಎಷ್ಟು ತೆಗೆಯಬೇಕು, ಎಷ್ಟು ಉಳಿಸಬಹುದು ಎಂಬುದು ತೀರ್ಮಾನವಾಯಿತು.

ಇನ್ನೂ ಕೆಲವು ಅಪರೂಪದ ಜಾತಿಗಳಿವೆ. ಬಹುಕಾಲ ಕಲ್ಲು ಕೂತವರಲ್ಲಿ, ವರ್ಷಗಟ್ಟಲೆ ಮೂತ್ರದ ನಳಿಗೆ ಇಟ್ಟುಕೊಂಡವರಲ್ಲಿ ಒಂದು ಬಗೆ ಕಾಣುತ್ತದೆ. ನೈಲ್ ನದಿಯ ನೀರಿನಲ್ಲಿ ಇಳಿದು ಬೇಸಾಯ ಮಾಡುವ ಈಜಿಪ್ತಿನ ರೈತರಲ್ಲಿ, ನೀರಿನಿಂದ ಮೈಗೆ ಸೇರುವ ಒಂದು ಹುಳುವಿನ ದೆಸೆಯಿಂದ ಅದೇ ಬಗೆ ಬಹಳವಾಗಿತ್ತು. ಇನ್ನೊಂದು ಬಗೆ ಬಹು ಬೇಗ ಹರಡುವಂಥದು. ಅದಕ್ಕೆ ಸಾಮಾನ್ಯವಾಗಿ ಶಸ್ತ್ರಕ್ಕಿಂತ ಮೊದಲು ಕೀಮೋ ಬೇಕು. ಇವೆಲ್ಲಕ್ಕೂ ಮೊದಲ ಗುರುತು ಅದೇ ರಕ್ತ. ಆದುದರಿಂದ ಡಾಕ್ಟರರನ್ನು ನಾವು ಮೂರು ಮಾತು ಕೇಳಬೇಕು: ಇದು ಯಾವ ಜಾತಿಯದು? ಸ್ನಾಯುವಿಗೆ ಇಳಿದಿದೆಯೇ? ಬೇರೆಡೆಗೆ ಹರಡಿದೆಯೇ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಚಿಕಿತ್ಸೆಗೆ ಒಪ್ಪಿಗೆ ಕೊಡಿ.

ಇಡೀ ಮೂತ್ರಕೋಶ ತೆಗೆದರೆ ಮುಂದೆ ಬದುಕುಂಟೇ ಎಂದು ಕೇಳುವವರಿದ್ದಾರೆ. ಉಂಟು. ಸಣ್ಣಕರುಳಿನ ಒಂದು ತುಂಡಿನಿಂದ ಮೂತ್ರಕ್ಕೆ ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸುವ ಕ್ರಮವನ್ನು ಅಮೆರಿಕದ ಬ್ರಿಕರ್ ಎಂಬ ಶಸ್ತ್ರವೈದ್ಯರು 1950ರಲ್ಲಿ ವಿವರಿಸಿದರು. ಇಂದಿಗೂ ಅದು ನಡೆಯುತ್ತಿದೆ. ಕೆಲವರಿಗೆ ಕರುಳಿನಿಂದಲೇ ಹೊಸ ಮೂತ್ರಕೋಶ ಕಟ್ಟುತ್ತಾರೆ. ಅಂಗಿಯ ಕೆಳಗೆ ಚೀಲ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರಿದ್ದಾರೆ. ಅಂಥ ಸೋದರನೊಬ್ಬ ನಮ್ಮ ಖೋಲಿಗೆ ಬಂದರೆ ಮೂಗು ಮುಚ್ಚಿಕೊಳ್ಳದೆ ಪಕ್ಕದಲ್ಲಿ ಚಾಪೆ ಹಾಸಿಕೊಡುವುದು ನಮ್ಮ ಕರ್ತವ್ಯ.

ಈಗ ಕಾರಣದ ವಿಚಾರ. ಭಟ್ಟರ ಕಾಯಿಲೆಗೆ ಇಂಥದೇ ಕಾರಣವೆಂದು ಬೊಟ್ಟುಮಾಡಲಾಗದು. ಅವರು ಬೀಡಿ ಸೇದಿದವರಲ್ಲ. ಆಸ್ಪತ್ರೆಯಲ್ಲಿ ಅವರು ಅತ್ತದ್ದು ಒಂದೇ ಸಲ, "ನಾನೇನು ತಪ್ಪು ಮಾಡಿದೆ?" ಎಂದು. "ನಿಮ್ಮ ತಪ್ಪೇನೂ ಇಲ್ಲ" ಎಂದು ಡಾಕ್ಟರರು ಅವರ ಕೈ ಹಿಡಿದು ಹೇಳಿದರು. ರೋಗಿಯ ಮೇಲೆ ಪಾಪದ ಹೊರೆ ಹೊರಿಸುವ ಚಾಳಿ ನಮ್ಮಲ್ಲಿದೆ. ಅದನ್ನು ಬಿಡಬೇಕು.

ಆದರೆ ಸಾಮಾನ್ಯ ಜಾತಿಗೆ ಕಾರಣಗಳು ತಿಳಿದಿವೆ. ಮೊದಲನೆಯದು ಬೀಡಿ, ಸಿಗರೇಟು. ಹೊಗೆಯ ವಿಷ ಪುಪ್ಪುಸದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಇಳಿದು ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತದೆ. ಸೇದುವವರಿಗೆ ಸೇದದವರಿಗಿಂತ ಅಪಾಯ ಸುಮಾರು ಮೂರು ಪಾಲು. ಬಿಟ್ಟರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ.

ಎರಡನೆಯದು ಗಿರಣಿಯವರು ಕಿವಿಗೊಟ್ಟು ಕೇಳಬೇಕಾದದ್ದು. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯರು, ಅನಿಲಿನ್ ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಮೂತ್ರಕೋಶದ ಗಂತಿ ಕಾಣುತ್ತಿದೆ ಎಂದು ಹೇಳಿದರು. 1938ರಲ್ಲಿ ಅಮೆರಿಕದ ಹ್ಯೂಪರ್ ಎಂಬವರು ಬೀಟಾ ನ್ಯಾಫ್ತಿಲಮೈನ್ ಎಂಬ ಬಣ್ಣದ ಮೂಲವಸ್ತುವಿನಿಂದ ನಾಯಿಗಳಲ್ಲಿ ಅದೇ ಗಂತಿ ಬರುವುದನ್ನು ತೋರಿಸಿದರು. 1954ರಲ್ಲಿ ಬ್ರಿಟನ್ನಿನ ಕೇಸ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಬಣ್ಣದ ಕಾರ್ಖಾನೆಗಳ ಕೆಲಸಗಾರರ ಸಾವುಗಳನ್ನು ಲೆಕ್ಕಹಾಕಿ, ಇತರರಿಗಿಂತ ಅವರಲ್ಲಿ ಈ ಕಾಯಿಲೆ ಎಷ್ಟೋ ಪಾಲು ಹೆಚ್ಚೆಂದು ಸಿದ್ಧಪಡಿಸಿದರು. ಬೆಂಜಿಡಿನ್ ಎಂಬುದೂ ಇದೇ ಗುಂಪಿನದು. ಮೊದಲ ಎಚ್ಚರಿಕೆಗೂ ಈ ಲೆಕ್ಕಕ್ಕೂ ನಡುವೆ ಸುಮಾರು ಅರವತ್ತು ವರ್ಷ ಕಳೆಯಿತು. ಆ ಅರವತ್ತು ವರ್ಷವೂ ಕೂಲಿಗಳು ಕೈಯಿಂದಲೇ ಬಣ್ಣ ಕಲಸುತ್ತಿದ್ದರು. ನಮ್ಮ ದೇಶದಲ್ಲಿ ಬೆಂಜಿಡಿನ್ ಮೂಲದ ಬಣ್ಣಗಳಿಗೂ ಹಾನಿಕರವಾದ ಇತರ ಅಜೋ ಬಣ್ಣಗಳಿಗೂ ನಿಷೇಧ ಬಂದದ್ದು 1990ರ ದಶಕದಲ್ಲಿ.

ಈ ರೋಗ ಇಂದು ಬಣ್ಣ ಮುಟ್ಟಿದವರಿಗೆ ನಾಳೆ ಬರುವಂಥದಲ್ಲ. ಹದಿನೈದು, ಇಪ್ಪತ್ತು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲದ ಮೇಲೆ ಕಾಣಿಸಿಕೊಳ್ಳುತ್ತದೆ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಿಮಣಿಗಳಿದ್ದಲ್ಲಿ ಗೋಪುರದಂಥ ಕಟ್ಟಡಗಳೆದ್ದಿವೆ. ಆದರೆ ಬಣ್ಣದ ಖಾತೆಯಲ್ಲಿ, ಛಾಪಾ ಖಾತೆಯಲ್ಲಿ ದುಡಿದ ನಮ್ಮ ಹಿರಿಯರು ಇನ್ನೂ ಇದ್ದಾರೆ. ಕೆಲವರು ಲಾಲ್‌ಬಾಗಿನ ಚಾಳಿನಲ್ಲಿದ್ದಾರೆ, ಕೆಲವರು ಊರಿಗೆ ಹೋಗಿ ತೋಟ ನೋಡಿಕೊಂಡಿದ್ದಾರೆ. ಭಿವಂಡಿ, ಸೂರತ್ತಿನ ಕಡೆ ಇಂದೂ ಬಣ್ಣದ ಕೆಲಸ ಮಾಡುವ ನಮ್ಮ ಹುಡುಗರಿದ್ದಾರೆ. ಊರಿನ ಡಾಕ್ಟರರೆದುರು ಕೂತಾಗ "ನಾನು ಇಂತಿಷ್ಟು ವರ್ಷ ಬಣ್ಣದ ಖಾತೆಯಲ್ಲಿದ್ದೆ" ಎಂದು ತಾವಾಗಿ ಹೇಳಬೇಕು. ಕೇಳದಿದ್ದರೂ ಹೇಳಬೇಕು. 1948ರ ಕಾರ್ಖಾನೆ ಕಾಯಿದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಕಸುಬಿನಿಂದ ಬರುವ ಕ್ಯಾನ್ಸರೂ ಸೇರಿತ್ತು. ಯಾರೂ ಬಾಯಿಬಿಡದಿದ್ದರೆ ಪಟ್ಟಿಯಿದ್ದು ಫಲವೇನು?

ಹೋಟೆಲಿನವರಿಗೂ ಒಂದು ಮಾತು. ಬೆಂಕಿಯ ಮುಂದೆ ಬೆವರು ಸುರಿಸಿ, ನೀರು ಕುಡಿಯದೆ, ಗಿರಾಕಿಯ ಗಲಾಟೆಯಲ್ಲಿ ಮೂತ್ರ ಕಟ್ಟಿಕೊಂಡು ನಿಲ್ಲುವುದು ನಮ್ಮ ಅಭ್ಯಾಸ. ಇದರಿಂದಲೇ ಕ್ಯಾನ್ಸರು ಬರುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಕಲ್ಲಿಗೂ ಸೋಂಕಿಗೂ ಅದು ದಾರಿ. ಇನ್ನೊಂದು ಕೇಡು: ಮೂತ್ರ ದಿನವೂ ಗಾಢವಾಗಿಯೇ ಇದ್ದರೆ ರಕ್ತ ಬಂದದ್ದು ಕಣ್ಣಿಗೆ ಬೀಳುವುದಿಲ್ಲ. ಕುಡಿಯುವ ನೀರು, ಚೊಕ್ಕ ಶೌಚಾಲಯ, ಹೋಗಿಬರಲು ಐದು ನಿಮಿಷ ಇವನ್ನು ಕೇಳುವುದು ಭಿಕ್ಷೆಯಲ್ಲ. ಸೋದರಿಯರು ಇನ್ನೂ ಎಚ್ಚರವಾಗಿರಬೇಕು. ಹೆಂಗಸರಿಗೆ ರಕ್ತ ಕಂಡರೆ ಮುಟ್ಟಿನದೆಂದೋ ಸೋಂಕಿನದೆಂದೋ ತಳ್ಳಿಹಾಕುತ್ತಾರೆ. ಗುಳಿಗೆ ತಿಂದ ಮೇಲೂ ಮತ್ತೆ ಕಂಡರೆ, ಮುಟ್ಟು ನಿಂತ ಮೇಲೆ ಕಂಡರೆ, ಪರೀಕ್ಷೆ ಮಾಡಿಸಲೇಬೇಕು.

ಎಲ್ಲಿಗೆ ಹೋಗಬೇಕು? ಮುಂಬಯಿಯವರಿಗೆ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ. ಅದು 1941ರಲ್ಲಿ ಗಿರಣಿಗಳ ನಡುವೆಯೇ ತೆರೆಯಿತು. ವಿಶಾಖಪಟ್ಟಣದ ಕಡೆಯವರಿಗೆ ಕಿಂಗ್ ಜಾರ್ಜ್ ಆಸ್ಪತ್ರೆಯೂ, ಅಗನಂಪೂಡಿಯಲ್ಲಿ ಟಾಟಾ ಸಂಸ್ಥೆಗೆ ಸೇರಿದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯೂ ಇವೆ. ನಾಡಿಗೆ ಹೋಗುವವರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ, ಕರಾವಳಿಯಲ್ಲಿ ಮಣಿಪಾಲವಿದೆ.

ಹಣದ ಚಿಂತೆ ಎಲ್ಲರಿಗೂ ಇದೆ. ಇ.ಎಸ್.ಐ. ಚೀಟಿ ಇದ್ದವರಿಗೆ ಔಷಧೋಪಚಾರದ ಜೊತೆ ಇನ್ನೊಂದು ಸೌಲಭ್ಯವಿದೆ. ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ, ಎರಡು ವರ್ಷ ವಿಮೆಯಲ್ಲಿದ್ದು ನಿಯಮದಂತೆ ವಂತಿಗೆ ಸಂದಿದ್ದರೆ, ಸಂಬಳದ ನೂರಕ್ಕೆ 80 ಪಾಲು ಎರಡು ವರ್ಷದ ವರೆಗೂ ದೊರೆಯುತ್ತದೆ. ಪಗಾರದಿಂದ ಇ.ಎಸ್.ಐ. ಹಣ ಮುರಿದರೂ ತಮ್ಮ ನಂಬರು ಯಾವುದೆಂದು ತಿಳಿಯದವರು ನಮ್ಮಲ್ಲೇ ಎಷ್ಟು ಮಂದಿ! ನಾಳೆಯೇ ಕೇಳಿಕೊಳ್ಳಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಆಸ್ಪತ್ರೆಯ ಖರ್ಚು ಸಿಗುತ್ತದೆ. ಪರರಾಜ್ಯದಲ್ಲಿ ದುಡಿಯುವವರೂ ಅಲ್ಲಿನ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಕಾರ್ಡು ತೋರಿಸಬಹುದು. ಭಟ್ಟರ ಕಾರ್ಡು ಊರಿನ ಪೆಟ್ಟಿಗೆಯಲ್ಲಿತ್ತು. ಅದನ್ನು ತರಿಸಲು ಒಂಬತ್ತು ದಿನ ಹಿಡಿಯಿತು. ಕಾರ್ಡು ಊರಿನಲ್ಲಿ, ಕಾಯಿಲೆ ಇಲ್ಲಿ ಎಂದಾಗಬಾರದು.

ಭಟ್ಟರು ಈಗ ಹೇಗಿದ್ದಾರೆ ಎಂದು ನೀವು ಕೇಳುವಿರಿ. ಶಸ್ತ್ರವಾಗಿ ಎರಡು ವರ್ಷ ದಾಟಿದೆ. ತೆಗೆದ ತುಂಡಿನ ಅಂಚುಗಳು ಶುದ್ಧವಾಗಿದ್ದವು, ದುಗ್ಧಗ್ರಂಥಿಗಳಲ್ಲಿ ರೋಗವಿರಲಿಲ್ಲ. ಆದರೆ ಗಂತಿ ಗೋಡೆ ದಾಟಿ ಸುತ್ತಲಿನ ಕೊಬ್ಬನ್ನು ಮುಟ್ಟಿತ್ತು. ಚೌತಿಯ ಹೊತ್ತಿಗೆ ಬಂದಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂದು ನಾವು ಕೇಳಿದೆವು. ಡಾಕ್ಟರರು ಉತ್ತರ ಕೊಡದೆ ಕಾಗದ ಮಡಿಸಿದರು. ಆಮೇಲೆ, "ಈಗ ಬಂದಿದ್ದಾರಲ್ಲ, ಈಗಿನದನ್ನು ನೋಡೋಣ" ಎಂದರು. ಪೂರ್ತಿ ಗುಣವಾಯಿತು ಎಂದು ಅವರು ಇನ್ನೂ ಹೇಳಿಲ್ಲ. ಕೆಲವು ತಿಂಗಳಿಗೊಮ್ಮೆ ದುರ್ಬೀನು, ಸ್ಕ್ಯಾನು ನಡೆದೇ ಇವೆ. ಪ್ರತಿ ಸಲವೂ ವರದಿ ಬರುವ ತನಕ ಭಟ್ಟರಿಗೆ ಊಟ ಸೇರುವುದಿಲ್ಲ. ಮೂತ್ರಕೋಶ ಚಿಕ್ಕದಾದ್ದರಿಂದ ಮೊದಲಿಗಿಂತ ಹೆಚ್ಚು ಸಲ ಎದ್ದು ಹೋಗಬೇಕಾಗುತ್ತದೆ. ಹೋಟೆಲಿನ ಧಣಿಗಳು ಅವರನ್ನು ಕಾವಲಿಯಿಂದ ಬಿಡಿಸಿ ಸಾಮಾನಿನ ಲೆಕ್ಕಕ್ಕೆ ಕೂರಿಸಿದ್ದಾರೆ. ಈ ವರ್ಷ ಅಕ್ಷಯ ತದಿಗೆಗೆ ಸಿಂಹಾಚಲದ ಮೆಟ್ಟಿಲು ಹತ್ತಿ ದರ್ಶನ ಮಾಡಿ ಬಂದರಂತೆ. ಜೊತೆಗೆ ಗಲ್ಲಾದ ಹುಡುಗನೂ ಹೋಗಿದ್ದನಂತೆ.

ಕೊನೆಯದಾಗಿ ಈ ಕೂಟದ ಮುಂದೆ ಮೂರು ಸೂಚನೆಗಳನ್ನಿಡುತ್ತೇವೆ. ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ಅದು ನಿಂತಿದ್ದರೂ, ವಾರದೊಳಗೆ ಡಾಕ್ಟರರಲ್ಲಿಗೆ ಹೋಗತಕ್ಕದ್ದು. ಹಾಗೆ ಹೋಗುವ ಸದಸ್ಯರ ಜೊತೆ ಸಂಘದಿಂದ ಒಬ್ಬರು ಹೋಗತಕ್ಕದ್ದು, ಏಕೆಂದರೆ ಒಬ್ಬರೇ ಹೋದವರು ಬಾಗಿಲಿನಿಂದ ಹಿಂದಿರುಗುವುದುಂಟು. ಬಣ್ಣದ ಖಾತೆಯಲ್ಲಿ ದುಡಿದ ಹಳೆಯ ಸದಸ್ಯರ ಹೆಸರು, ಗಿರಣಿ, ದುಡಿದ ವರ್ಷಗಳ ಪಟ್ಟಿಯೊಂದನ್ನು ಸಂಘದ ಕಚೇರಿಯಲ್ಲಿ ಇಡತಕ್ಕದ್ದು. ಇಂದು ಮನೆಗೆ ಹೋದ ಮೇಲೆ ಊರಿನಲ್ಲಿರುವ ನಿಮ್ಮ ತಂದೆಗೋ, ಚಿಕ್ಕಪ್ಪನಿಗೋ, ಹಳೆಯ ಖಾತೆಯ ಗೆಳೆಯನಿಗೋ ಒಂದು ಫೋನು ಮಾಡಿ. ಮಳೆ ಬೆಳೆ ವಿಚಾರಿಸಿದ ಮೇಲೆ ಈ ಮಾತನ್ನೂ ಕೇಳಿ. ಅವರು ನಾಚಿಕೊಂಡರೆ ನೀವು ನಾಚಬೇಡಿ.